ಮೊದಲು ಗೇಟಿನವರೆಗೆ ಮಾತ್ರ

ಪ್ರಥಮ ಪಿಯುಸಿಗೆ ಸೇರಿ ಎರಡೇ ತಿಂಗಳಿಗೆ ಕಾಲೇಜಿಗೆ ಹೋಗುವುದನ್ನು ನಿಲ್ಲಿಸಿದ್ದ ಹುಡುಗನನ್ನು ಅವನ ತಾಯಿ ನನ್ನ ಬಳಿ ಕರೆತಂದಾಗ ಹೇಳಿದ ಮೊದಲ ಮಾತು, “ಮೇಡಂ, ಇವನಿಗೆ ಸೋಮಾರಿತನ ಹಿಡಿದಿದೆ, ಏನು ಕೇಳಿದರೂ ಸಿಡುಕುತ್ತಾನೆ” ಎಂಬುದಾಗಿತ್ತು. ಹದಿಹರೆಯದವರ ಖಿನ್ನತೆ ಅನೇಕ ಸಲ ಅಳುವಾಗಿ ಕಾಣದೆ ಸಿಡುಕಾಗಿಯೇ ಕಾಣುತ್ತದೆ ಎಂಬುದನ್ನು ಬಲ್ಲ ಮನೋಚಿಕಿತ್ಸಕಿಯಾಗಿ ನಾನು ಆ ಮಾತನ್ನು ಗುರುತು ಹಾಕಿಕೊಂಡೆ. (ಹುಡುಗನ ಗುರುತು ಸಿಗದಂತೆ ಕೆಲವು ವಿವರಗಳನ್ನು ಇಲ್ಲಿ ಬದಲಿಸಿದ್ದೇನೆ.)

ತಾಯಿಯನ್ನು ಹೊರಗೆ ಕೂರಲು ಕೇಳಿಕೊಂಡು, ಅವನು ಹೇಳಿದ್ದೆಲ್ಲ ನನ್ನಲ್ಲೇ ಉಳಿಯುತ್ತದೆಂದೂ, ಅವನ ಜೀವಕ್ಕೆ ಅಪಾಯವಿದೆ ಎನಿಸಿದರೆ ಮಾತ್ರ ಅವನಿಗೆ ತಿಳಿಸಿಯೇ ಮನೆಯವರಿಗೆ ಹೇಳುತ್ತೇನೆಂದೂ ಸ್ಪಷ್ಟಪಡಿಸಿದೆ. ಅನಂತರ, ಸಾಯಬೇಕೆನ್ನುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟೀತು ಎಂದು ಹೆತ್ತವರು ಅಂಜುತ್ತಾರೆ. ಆದರೆ ಆ ಪ್ರಶ್ನೆಯಿಂದ ಹಗುರಾದ ಮಕ್ಕಳನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ. “ಬೆಳಿಗ್ಗೆ ಏಳದೇ ಇದ್ದರೆ ಚೆನ್ನಾಗಿರುತ್ತೆ ಅನ್ನಿಸುತ್ತೆ” ಎಂದ. ಅವನ ಒಪ್ಪಿಗೆ ಪಡೆದು ಅಂದೇ ತಾಯಿಗೆ ತಿಳಿಸಿದೆ. ತೋಟದ ಕೀಟನಾಶಕವನ್ನೂ ಮನೆಯ ಮಾತ್ರೆಗಳನ್ನೂ ಬೀಗದಲ್ಲಿಡಲು ಹೇಳಿದೆ. ಹಗಲು ರಾತ್ರಿ ಉಚಿತವಾಗಿ ದೊರೆಯುವ ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ಇಬ್ಬರಿಗೂ ಬರೆದುಕೊಟ್ಟು, ಔಷಧಿ ಬೇಕೇ ಎಂದು ನಿರ್ಧರಿಸಲು ಮನೋವೈದ್ಯರ ಬಳಿಗೂ ಕಳುಹಿಸಿದೆ.

ಆರಂಭದಲ್ಲಿ ನಾನೊಂದು ತಪ್ಪು ಮಾಡಿದೆ. ಮನಸ್ಸಿಗೆ ಬರುವ ಯೋಚನೆಗಳನ್ನು ಬರೆದು ತರಲು ಪಟ್ಟಿ ಕೊಟ್ಟೆ. ಪುಸ್ತಕ ಕಂಡರೇ ಕುಗ್ಗುತ್ತಿದ್ದ ಹುಡುಗನಿಗೆ ಅದು ಮತ್ತೊಂದು ಹೋಂವರ್ಕ್ ಆಯಿತು. ಎರಡು ವಾರ ಖಾಲಿ ಹಾಳೆಯನ್ನೇ ತಂದ. ಪಟ್ಟಿಯನ್ನು ಪಕ್ಕಕ್ಕಿಟ್ಟು, ದಿನಕ್ಕೆರಡು ಸಣ್ಣ ಕೆಲಸಗಳನ್ನು ಅವನಿಂದಲೇ ಆಯ್ಕೆ ಮಾಡಿಸಿದೆ: ಎಂಟು ಗಂಟೆಯೊಳಗೆ ಸ್ನಾನ, ಸಂಜೆ ವಾಲಿಬಾಲ್ ಮೈದಾನಕ್ಕೆ ಹೋಗಿ ಬರುವುದು. ಮನಸ್ಸು ಬಂದ ಮೇಲೆ ಮಾಡುತ್ತೇನೆ ಎಂದು ಕಾದರೆ ಖಿನ್ನತೆಯಲ್ಲಿ ಮನಸ್ಸು ಬರುವುದೇ ಇಲ್ಲ. ಕೆಲಸ ಮೊದಲು, ಮನಸ್ಸು ಅದರ ಹಿಂದೆ.

ಮೈದಾನಕ್ಕೆ ಹೋಗಿ ಬರತೊಡಗಿದ ಮೇಲೆಯೇ ಅವನು ನಿಜವಾದ ಸಂಗತಿ ಹೇಳಿದ್ದು. ಎಸ್ಎಸ್ಎಲ್‌ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ವಿಜ್ಞಾನ ವಿಭಾಗಕ್ಕೆ ಸೇರಿದವನು, ತರಗತಿಯಲ್ಲಿ ಇಂಗ್ಲಿಷ್ ಪಾಠವನ್ನು ಗಟ್ಟಿಯಾಗಿ ಓದುವಾಗ ತಡವರಿಸಿದ್ದ, ಎಲ್ಲರೂ ನಕ್ಕಿದ್ದರು. ಮರುದಿನ ಹೊಟ್ಟೆನೋವು ಬಂತು. ತಾಯಿ ಜ್ವರವೆಂದು ಕಾಲೇಜಿಗೆ ಫೋನ್ ಮಾಡಿದರು. ಆ ದಿನ ಸಿಕ್ಕ ನೆಮ್ಮದಿಯೇ ಭಯಕ್ಕೆ ನೀರೆರೆಯಿತು, ಏಕೆಂದರೆ ತಪ್ಪಿಸಿಕೊಂಡಷ್ಟೂ ಆತಂಕ ಬೆಳೆಯುತ್ತದೆ.

ಹಾಗಾಗಿ ನಾವು ಭಯದ ಏಣಿಯೊಂದನ್ನು ಬರೆದೆವು: ಸಮವಸ್ತ್ರ ತೊಡುವುದು, ಕಾಲೇಜಿನ ಗೇಟಿನವರೆಗೆ ಹೋಗುವುದು, ಗ್ರಂಥಾಲಯದಲ್ಲಿ ಅರ್ಧ ಗಂಟೆ ಕೂರುವುದು, ಒಂದೇ ಪೀರಿಯಡ್, ತುದಿಯಲ್ಲಿ ಗಟ್ಟಿಯಾಗಿ ಓದುವುದು. ಪ್ರತಿ ಮೆಟ್ಟಿಲಿನಲ್ಲೂ ಭಯಕ್ಕೆ ಹತ್ತರಲ್ಲಿ ಅಂಕ ಕೊಟ್ಟು, ಅದು ಇಳಿಯುವ ತನಕ ನಿಲ್ಲುವುದು ನಿಯಮ. ಗೇಟಿನಲ್ಲಿ ಮೊದಲ ದಿನ ಅಂಕ ಒಂಬತ್ತಿತ್ತು. ಇಪ್ಪತ್ತು ನಿಮಿಷ ನಿಂತಾಗ ಐದಾಯಿತು. ತಾಯಿ ಜೊತೆಗಿದ್ದರು, “ಒಳಗೇ ಹೋಗಿಬಿಡು” ಎನ್ನಲಿಲ್ಲ. ಆ ಮಾತನ್ನು ತಡೆದುಕೊಳ್ಳುವುದು ಎಷ್ಟು ಕಷ್ಟವೆಂದು ನಾನು ಬಲ್ಲೆ.

ಈಗ ಅವನು ಎಲ್ಲ ಪೀರಿಯಡ್‌ಗಳಿಗೂ ಕೂರುತ್ತಾನೆ. ತುದಿಯ ಮೆಟ್ಟಿಲು ಇನ್ನೂ ಬಾಕಿಯಿದೆ. ಬರುವ ಭೇಟಿಯಲ್ಲಿ ಅದೇ ಇಂಗ್ಲಿಷ್ ಪಾಠವನ್ನು ನನ್ನೆದುರು ಗಟ್ಟಿಯಾಗಿ ಓದಲು ಒಪ್ಪಿದ್ದಾನೆ.