ಬತ್ತೀನ್ ಅಂದ್ರೆ ನಾಕೇ ಮಾತ್ರೆ

ಡ್ಯಾನ್ಸ್ ಹಾಡು ಬರೆಯೋದು ಹೇಗೆ ಅಂತ ಈಗೀಗ ಕಾಲೇಜು ಹುಡುಗಿಯರು ನನ್ನನ್ನು ಕೇಳುತ್ತಾರೆ. ಕೇಳಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಒಂದು ಸೋಲು, ಆಮೇಲೆ ನಮ್ಮಜ್ಜಿ.

ನನ್ನೂರು ಪಾಂಡವಪುರದ ಹತ್ತಿರ. ಒಂಬತ್ತು ವರ್ಷ ರಸಮಂಜರಿ ಕಾರ್ಯಕ್ರಮಗಳಲ್ಲಿ ಹಾಡಿದ್ದೇನೆ. ಗಣೇಶನ ಹಬ್ಬ ಬಂತೆಂದರೆ ಮದ್ದೂರು, ಮಳವಳ್ಳಿ, ನಾಗಮಂಗಲ, ಕೆ.ಆರ್. ಪೇಟೆ ಅಂತ ದಿನಕ್ಕೊಂದು ಊರು. ಹಾಡುತ್ತಿದ್ದದ್ದೆಲ್ಲ ಬೇರೆಯವರ ಸಿನಿಮಾ ಹಾಡು. ಆದರೆ ಆ ವೇದಿಕೆ ನನಗೆ ಒಂದು ಅಭ್ಯಾಸ ಕಲಿಸಿತು. ಯಾವ ಸಾಲಿಗೆ ಹುಡುಗರು ಎದ್ದರು, ಯಾವ ಸಾಲಿಗೆ ಕೂತರು ಅಂತ ರಾತ್ರಿ ಮನೆಗೆ ಬರುವಾಗ ಟೆಂಪೋದಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಒಂದೇ ಹಾಡಿನಲ್ಲಿ ಒಂದು ಸಾಲಿಗೆ ಜನ ಕುಣಿಯುತ್ತಿದ್ದರು, ಮುಂದಿನ ಸಾಲಿಗೆ ಅರೆಕ್ಷಣ ತಡವರಿಸುತ್ತಿದ್ದರು. ಯಾಕೆ ಅನ್ನುವುದು ಆಗ ತಿಳಿಯಲಿಲ್ಲ.

ಆಗ ಮೈಸೂರಿನ ಸರಸ್ವತಿಪುರಂನಲ್ಲಿ ರೂಮು ಮಾಡಿಕೊಂಡಿದ್ದ ಡಿಜೆ ಹುಡುಗನೊಬ್ಬ ಪರಿಚಯವಾದ. ಮದುವೆ ರಿಸೆಪ್ಷನ್ನು, ಕಾಲೇಜು ಫೆಸ್ಟು ಅವನ ದುಡಿಮೆ. ಒಂದು ದಿನ ಮೂರು ನಿಮಿಷದ ಟ್ರ್ಯಾಕ್ ಕಳಿಸಿ, "ಅಕ್ಕಾ, ಇದ್ರ ಮೇಲೆ ಏನಾದ್ರೂ ಬರೀರಿ, ನೀವೇ ಹಾಡಿ" ಅಂದ. ಟ್ರ್ಯಾಕ್ ಮೊದಲು ಹುಟ್ಟಿ, ಆಮೇಲೆ ಅದರ ಮೇಲೆ ರಾಗವೂ ಮಾತೂ ಕೂರುವುದಕ್ಕೆ ಈ ಕೆಲಸದಲ್ಲಿ ಟಾಪ್‌ಲೈನ್ ಅನ್ನುತ್ತಾರೆ. ಅವನು ಕಳಿಸಿದ್ದು ಹೌಸ್ ಶೈಲಿಯದು. ನಿಮಿಷಕ್ಕೆ 120 ಬೀಟು, ಪ್ರತಿ ಬೀಟಿಗೂ ಒಂದು ಕಿಕ್, ತಪ್ಪದೆ ಧಂ ಧಂ ಧಂ ಧಂ. ಈ ಸಂಗೀತ ಷಿಕಾಗೋ ಊರಿನಲ್ಲಿ ಹುಟ್ಟಿದ್ದು, ಅಲ್ಲಿನ ವೇರ್‌ಹೌಸ್ ಎಂಬ ಕ್ಲಬ್ಬಿನಲ್ಲಿ 1977ರಿಂದ ಕೆಲವು ವರ್ಷ ಫ್ರಾಂಕಿ ನಕಲ್ಸ್ ಎಂಬ ಡಿಜೆ ರೆಕಾರ್ಡ್ ನುಡಿಸುತ್ತಿದ್ದರು, ಹೌಸ್ ಅನ್ನುವ ಹೆಸರೇ ಆ ಕ್ಲಬ್ಬಿನಿಂದ ಬಂತು ಅಂತ ಹೇಳುತ್ತಾರೆ ಎಂದೆಲ್ಲ ಅವನೇ ತಿಳಿಸಿದ. ಆ ಕಿಕ್ಕಿನ ಸದ್ದು ಕೂಡ 1983ರಲ್ಲಿ ಬಂದ ರೋಲ್ಯಾಂಡ್ ಟಿಆರ್-909 ಎಂಬ ಡ್ರಮ್ ಮೆಷಿನ್ನಿನದು.

ಎರಡು ದಿನ ಕೂತು ಬರೆದೆ. ಪುಸ್ತಕದ ಕನ್ನಡ, ಭಾವಗೀತೆಯ ಹಾಗೆ. "ಬರುತ್ತೇನೆ ಎಂದವನು ಬರಲೇ ಇಲ್ಲ" ಅಂತ ಮೊದಲ ಸಾಲು. ಹಾಡಿ ಕಳಿಸಿದೆ. ಅವನು ಒಂದು ಮದುವೆಯಲ್ಲಿ ಅದನ್ನು ಹಾಕಿದ ರಾತ್ರಿ ನಾನೂ ಹೋಗಿದ್ದೆ. ಬರಿ ಟ್ರ್ಯಾಕ್ ಓಡುವಾಗ ಕುಣಿಯುತ್ತಿದ್ದವರು ನನ್ನ ದನಿ ಬಂದ ಕೂಡಲೇ ನಿಂತರು. ಯಾರೂ ಬೈಯಲಿಲ್ಲ, ಸುಮ್ಮನೆ ನಿಂತರು ಅಷ್ಟೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಮ್ಮಜ್ಜಿ ಸೋಬಾನೆ ಹೇಳುವವರು. ನಮ್ಮ ಕಡೆ ಮದುವೆ, ಒಸಗೆ, ಚಪ್ಪರ ಯಾವುದಾದರೂ ಸರಿ, ಸೊಲ್ಲೆತ್ತುವುದು ಅವರೇ. ಆ ವಾರ ಅವರ ಮುಂದೆ ಮೊಬೈಲಿನಲ್ಲಿ ನನ್ನ ಹಾಡು ಹಾಕಿದೆ. ಕಣ್ಣು ಮುಚ್ಚಿ ಕೇಳಿದರು. ಮಂಡಿಯ ಮೇಲೆ ಕೈ ತಟ್ಟುತ್ತಿದ್ದರು, ನನ್ನ ದನಿ ಬಂದಾಗ ಕೈ ನಿಂತಿತು. "ಪದ ಓದ್ದಂಗದೆ ಕನವ್ವ, ಕಟ್ದಂಗಿಲ್ಲ" ಅಂದರು. "ನೀನು ಮನೇಲಿ ಇಂಗಾ ಮಾತಾಡದು?"

ಆ ಮಾತು ಹಿಡಿದುಕೊಂಡು ಕೂತೆ. ಹೈಸ್ಕೂಲಿನಲ್ಲಿ ಕಲಿತ ಲಘು ಗುರು ನೆನಪಿಗೆ ಬಂತು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಪ್ರಸ್ತಾರ ಹಾಕುವುದು ಪರೀಕ್ಷೆಯ ಅಂಕಕ್ಕೆ ಮಾತ್ರ ಅಂದುಕೊಂಡಿದ್ದೆ. ನನ್ನ ಸಾಲಿಗೆ ಪ್ರಸ್ತಾರ ಹಾಕಿ ನೋಡಿದೆ: ಬರುತ್ತೇನೆ ಆರು, ಎಂದವನು ಐದು, ಬರಲೇ ನಾಲ್ಕು, ಇಲ್ಲ ಮೂರು. ಒಟ್ಟು ಹದಿನೆಂಟು. ಟ್ರ್ಯಾಕಿನ ಲೆಕ್ಕ ನಾಲ್ಕರದು, ಎಂಟರದು, ಹದಿನಾರರದು. ಕಂಪ್ಯೂಟರಿನಲ್ಲಿ ಬೀಟು ಕೂರಿಸುವ ಪರದೆಯ ಮೇಲೆ ಒಂದು ಸುತ್ತಿಗೆ ಹದಿನಾರು ಚೌಕ ಇರುತ್ತವೆ. ನಮ್ಮ ಮಂದಾನಿಲ ರಗಳೆಯ ಒಂದು ಸಾಲಿಗೂ ನಾಲ್ಕು ನಾಲ್ಕರ ನಾಲ್ಕು ಗಣ, ಅಂದರೆ ಹದಿನಾರು ಮಾತ್ರೆ! ಇದು ಹೊಳೆದಾಗ ಅಡಿಗೆಮನೆಯಲ್ಲಿ ಒಬ್ಬಳೇ ಕೂತು ಅತ್ತುಬಿಟ್ಟೆ. ನೂರಾರು ವರ್ಷದಿಂದ ನಮ್ಮವರು ಎಣಿಸಿಟ್ಟಿದ್ದ ಲೆಕ್ಕ ಅದು, ನನಗೆ ಬೇಕಾದದ್ದೂ ಅದೇ.

ಇನ್ನು ಮನೆಯ ಮಾತು. ನಾವು "ಬರುತ್ತೇನೆ" ಅನ್ನುವುದಿಲ್ಲ, "ಬತ್ತೀನ್" ಅನ್ನುತ್ತೇವೆ. ಬತ್, ತೀನ್. ಎರಡು ಗುರು, ನಾಲ್ಕೇ ಮಾತ್ರೆ. "ಹೋಗುತ್ತೇನೆ" ಅಂದರೆ ಏಳು ಮಾತ್ರೆ, "ಓಯ್ತೀನ್" ಅಂದರೆ ಅದೂ ನಾಲ್ಕು. ಮಂಡ್ಯದ ಮಾತು ತಾನಾಗಿ ನಾಲ್ಕರ ಗಣಕ್ಕೆ ಇಳಿಯುತ್ತದೆ. ಸಾಲನ್ನು ಹೀಗೆ ತಿದ್ದಿದೆ:

ಬತ್ತೀನ್ ಅಂದೋನ್ ಬರ್ಲೇ ಇಲ್ಲಾ
ಗದ್ದೆಯ ಬದುವಲಿ ಬೆಳ್ದಿಂಗ್ಳೆಲ್ಲಾ

ಎರಡೂ ಸಾಲು ಹದಿನಾರು. ಆದರೆ ಎರಡರ ನಡೆ ಬೇರೆ. 120ರ ವೇಗದಲ್ಲಿ ಒಂದು ಬೀಟು ಅರ್ಧ ಸೆಕೆಂಡು. ಬೀಟಿಗೆ ನಾಲ್ಕು ಮಾತ್ರೆ ಹಾಕಿದರೆ ಅದು ರ‍್ಯಾಪಿನ ಓಟ, ಕುಣಿಯುವವರಿಗೆ ಮಾತು ಕೇಳುವುದಿಲ್ಲ. ನಾನು ಬೀಟಿಗೆ ಎರಡು ಮಾತ್ರೆ ಹಾಕುತ್ತೇನೆ, ಹಾಗಾಗಿ ಒಂದು ಸಾಲಿಗೆ ಎಂಟು ಬೀಟು, ನಾಲ್ಕು ಸೆಕೆಂಡು. ಮೊದಲ ಸಾಲಿನಲ್ಲಿ ಎಲ್ಲವೂ ಗುರು. ಪ್ರತಿ ಕಿಕ್ಕಿಗೂ ಒಂದು ಅಕ್ಷರ ಬೀಳುತ್ತದೆ, ಕಾಲು ಊರಿದ ಹಾಗೆ. ಎರಡನೆಯ ಸಾಲಿನ "ಬದುವಲಿ"ಯಲ್ಲಿ ನಾಲ್ಕೂ ಲಘು, ಅವು ಕಿಕ್ಕಿನ ಸಂದಿಗೂ ಹೋಗಿ ಕೂರುತ್ತವೆ, ಸೊಂಟ ತಿರುಗುವುದು ಅಲ್ಲಿ. ಒಂದು ಸಾಲು ಪಾದಕ್ಕೆ, ಒಂದು ಸಾಲು ಸೊಂಟಕ್ಕೆ ಅಂತಲೇ ಈಗಲೂ ಬರೆಯುತ್ತೇನೆ. ಹಳೆಯ ನೋಟ್‌ಬುಕ್ ತೆಗೆದು ನೋಡಿದರೆ, ಜನ ತಡವರಿಸಿದ್ದ ಸಾಲುಗಳಲ್ಲಿ ಬಹಳಷ್ಟು ಪದದ ಮೊದಲಕ್ಷರ ಬೀಟಿನ ಮೇಲೆ ಬೀಳದೆ ಜಾರಿದವೇ. ಕನ್ನಡದಲ್ಲಿ ಪದದ ಒತ್ತು ಮೊದಲಕ್ಷರದಲ್ಲಿದೆ. ಅದನ್ನು ಬೀಟಿನ ಪಕ್ಕಕ್ಕೆ ತಳ್ಳಿದರೆ ಕಿವಿಗೆ ಪದವೇ ಗುರುತು ಸಿಗುವುದಿಲ್ಲ.

ಮೈಕಿನ ಮುಂದೆ ನಮ್ಮ ಮಾತಿನ ಇನ್ನೊಂದು ಉಪಕಾರ ಗೊತ್ತಾಯಿತು. ನಾವು ಹಾಲನ್ನು ಆಲು ಅನ್ನುತ್ತೇವೆ, ಹೊಲವನ್ನು ಒಲ. ಶಾಲೆಯಲ್ಲಿ ಇದಕ್ಕೆ ಬೈಸಿಕೊಂಡಿದ್ದೇನೆ. ಹಾಡುವಾಗ ಹಕಾರದಲ್ಲಿ ಉಸಿರು ಪೋಲಾಗುತ್ತದೆ, ಸ್ವರ ಹುಟ್ಟುವುದು ಕೂದಲೆಳೆಯಷ್ಟು ತಡವಾಗುತ್ತದೆ. "ಒಲ" ಅಂದರೆ ಸ್ವರ ನೇರ ಬೀಟಿನ ಮೇಲೆ ಬೀಳುತ್ತದೆ. ಒತ್ತಕ್ಷರವಂತೂ ಸ್ವತಃ ತಾಳ. ತಟ್ಟು, ಕುಟ್ಟು, ಒಕ್ಕು ಅಂದಾಗ ಬಾಯಿ ಒಂದು ಗಳಿಗೆ ಮುಚ್ಚಿ ತೆರೆಯುತ್ತದಲ್ಲ, ಆ ಮೌನ ಕಿಕ್ಕಿಗೆ ಜಾಗ ಬಿಟ್ಟುಕೊಡುತ್ತದೆ. ಎಳೆದು ನಿಲ್ಲಿಸುವ ಸ್ವರಕ್ಕೆ ಮಾತ್ರ ಆ, ಓ ಬೇಕು. ಇ, ಉ ಮೇಲೆ ತಾರಸ್ಥಾಯಿ ಹಿಡಿದರೆ ನನ್ನ ಗಂಟಲು ಬಿಗಿಯುತ್ತದೆ.

ಇನ್ನು ಹುಕ್ ಅನ್ನುತ್ತಾರಲ್ಲ, ಜನರ ಬಾಯಲ್ಲಿ ಉಳಿಯುವ ಆ ತುಣುಕು, ಅದು ನಮ್ಮಜ್ಜಿಯ ಸೊಲ್ಲೇ. ಒಬ್ಬರು ಹೇಳಬೇಕು, ಹತ್ತು ಜನ ಹಿಡಿಯಬೇಕು. ಹತ್ತು ಜನ ಒಂದೇ ಉಸಿರಿನಲ್ಲಿ ಹಿಡಿಯಲಾಗದಷ್ಟು ಉದ್ದ ಇದ್ದರೆ ಅದು ಸೊಲ್ಲಲ್ಲ. ನನ್ನ ಹುಕ್ ಸಿದ್ಧವಾದ ಮೇಲೆ ಬೀದಿಯ ನಾಲ್ಕು ಮಕ್ಕಳನ್ನು ಕರೆದು ಒಂದೇ ಸಲ ಹೇಳಿಕೊಡುತ್ತೇನೆ. ಸಂಜೆ ಅವರು ಆಡುವಾಗ ಅದನ್ನು ಅನ್ನುತ್ತಿಲ್ಲವಾದರೆ ಹೊಸದು ಬರೆಯುತ್ತೇನೆ.

ರೆಕಾರ್ಡಿಂಗಿಗೆ ದುಬಾರಿ ಸ್ಟುಡಿಯೋ ಬೇಕೇಬೇಕು ಅಂತಿಲ್ಲ. ಒಂದು ಕಂಡೆನ್ಸರ್ ಮೈಕು, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಒಂದು ಆಡಿಯೋ ಇಂಟರ್‌ಫೇಸ್, ಒಂದು ಹೆಡ್‌ಫೋನ್. ಬಟ್ಟೆ ಬೀರುವಿನ ಮುಂದೆ ಹಗ್ಗ ಕಟ್ಟಿ ಎರಡು ಕುರಿಕಂಬಳಿ ಇಳಿಬಿಡುತ್ತೇನೆ, ಫ್ಯಾನ್ ಆರಿಸುತ್ತೇನೆ, ರಾತ್ರಿ ಹನ್ನೊಂದರ ಮೇಲೆ ಹಾಡುತ್ತೇನೆ. ಅಷ್ಟರಲ್ಲಿ ಮುಕ್ಕಾಲು ಸಮಸ್ಯೆ ಮುಗಿಯಿತು.

ಉಳಿದ ಕಾಲು ಸಮಸ್ಯೆಯನ್ನು ಬಿಡಿಸಿಕೊಟ್ಟದ್ದು ಕಬ್ಬಿನ ಟ್ರ್ಯಾಕ್ಟರ್. ಕಬ್ಬು ಅರೆಯುವ ಕಾಲದಲ್ಲಿ ನಮ್ಮ ರಸ್ತೆಯಲ್ಲಿ ನಿಂತರೆ ಸಾಕು, ಒಂದೊಂದು ಟ್ರ್ಯಾಕ್ಟರಿನಲ್ಲೂ ಸ್ಪೀಕರು ಕಿರುಚುತ್ತಿರುತ್ತದೆ. ನಮ್ಮ ಬೀದಿಯ ತಮ್ಮನೊಬ್ಬ ಲೋಡು ಹೊಡೆಯುತ್ತಾನೆ, ಅವನಿಗೆ ಪೆನ್‌ಡ್ರೈವ್‌ನಲ್ಲಿ ಹಾಡು ಹಾಕಿಕೊಟ್ಟೆ. ಹೆಡ್‌ಫೋನಿನಲ್ಲಿ ಎದೆ ನಡುಗಿಸುತ್ತಿದ್ದ ಬೇಸ್ ಅಲ್ಲಿ ಇಲ್ಲವೇ ಇಲ್ಲ. ನನ್ನ ದನಿ ಕೊಳವೆಯೊಳಗಿಂದ ಬಂದಂತೆ ಟೊಳ್ಳು. ಡಿಜೆ ಹುಡುಗನೂ ನಾನೂ ಒಂದು ವಾರ ತಡಕಾಡಿದೆವು. ಬೇಸ್ ಇದ್ದದ್ದು 55 ಹರ್ಟ್ಸ್‌ನಲ್ಲಿ, ಆ ಸ್ಪೀಕರಿಗೆ ಅಷ್ಟು ಕೆಳಗಿನ ಸ್ವರ ಹೊರಡಿಸುವ ಶಕ್ತಿ ಇಲ್ಲ. ಬೇಸ್‌ಗೆ ಸ್ವಲ್ಪ ಸ್ಯಾಚುರೇಷನ್ ಕೊಟ್ಟಾಗ, ಅಂದರೆ ಸದ್ದನ್ನು ಕೊಂಚ ಒರಟು ಮಾಡಿದಾಗ, ಅದರ ಮೇಲಿನ 110, 165, 220ರ ಸ್ವರಗಳು ಎದ್ದವು. ಅವು ಕೇಳಿದರೆ ಸಾಕು, ಇಲ್ಲದ ತಳಸ್ವರವನ್ನು ಕಿವಿಯೇ ತುಂಬಿಕೊಳ್ಳುತ್ತದೆ. ದನಿಯ ತಪ್ಪು ಬೇರೆ. ಒಂದೇ ದನಿಯನ್ನು ನಕಲು ಮಾಡಿ, ಕೊಂಚ ಹಿಂದೆ ಸರಿಸಿ, ಎಡಕ್ಕೊಂದು ಬಲಕ್ಕೊಂದು ಇಟ್ಟಿದ್ದೆವು. ಎರಡು ಕಿವಿಗೆ ಅದು ಅಗಲವಾಗಿ ಕೇಳುತ್ತದೆ, ಒಂದೇ ಸ್ಪೀಕರಿನಲ್ಲಿ ಕೂಡಿದಾಗ ಒಂದನ್ನೊಂದು ತಿನ್ನುತ್ತದೆ. ಅಂದಿನಿಂದ ನಕಲು ಬಿಟ್ಟೆ. ಎಡಕ್ಕೆ ಬೇಕಾದರೆ ಎಡಕ್ಕೆ ಹಾಡುತ್ತೇನೆ, ಬಲಕ್ಕೆ ಮತ್ತೊಮ್ಮೆ ಹಾಡುತ್ತೇನೆ. ನನ್ನ ಹಾಡು ಕೇಳುವವರು ಜಾತ್ರೆಯಲ್ಲಿ, ಟ್ರ್ಯಾಕ್ಟರಿನಲ್ಲಿ, ಮೊಬೈಲಿನಲ್ಲಿ ಕೇಳುವವರು. ಅವರಿಗೆ ಚೆನ್ನಾಗಿ ಕೇಳಬೇಕಾದದ್ದು ನ್ಯಾಯ.

ತಮಟೆಯ ಮಾತು ಹೇಳದೆ ಮುಂದೆ ಹೋಗಲಾರೆ. ಪಕ್ಕದೂರಿನ ತಮಟೆ ತಂಡದ ಹಿರಿಯರನ್ನು ಅಣ್ಣಾ ಅನ್ನುತ್ತೇನೆ. ಅವರ ತಮಟೆ ರೆಕಾರ್ಡ್ ಮಾಡಿ ಟ್ರ್ಯಾಕಿಗೆ ಹಾಕಿದಾಗ ಮೊದಲರ್ಧ ಒಂದು ಶ್ರುತಿ, ಕೊನೆಯ ಹೊತ್ತಿಗೆ ಇಳಿದ ಶ್ರುತಿ. ರಾತ್ರಿಯ ತಂಪಿಗೆ ಚರ್ಮ ಸಡಿಲವಾಗಿತ್ತು. "ಕಾಯಿಸ್ದೆ ಬಡುದ್ರೆ ಅದು ಮಾತಾಡಕಿಲ್ಲ ಕನವ್ವ" ಅಂತ ಅವರು ಹುಲ್ಲು ಉರಿ ಹಾಕಿ ಕಾಯಿಸಿದರು. ಕಾಯಿಸಿದ ಮೇಲೆ ಕೆಲವೇ ನಿಮಿಷದೊಳಗೆ ಬೇಕಾದ ಪೆಟ್ಟುಗಳನ್ನು ಹಿಡಿದುಕೊಳ್ಳುತ್ತೇನೆ, ಮತ್ತೆ ಕಾಯಿಸುತ್ತಾರೆ, ಮತ್ತೆ ಹಿಡಿಯುತ್ತೇನೆ. ಅವರ ಕುಣಿತದ ಓಟ ಮೂರರ ನಡೆಯದು. ಅದನ್ನು ಎಳೆದು ನಾಲ್ಕಕ್ಕೆ ಕೂರಿಸಿದರೆ ತಮಟೆಯ ಜೀವ ಹೋಗುತ್ತದೆ. ಹಾಗಾಗಿ ತಮಟೆ ಇರುವ ಹಾಡಿಗೆ ಪ್ರತಿ ಬೀಟನ್ನೂ ಮೂರು ಭಾಗ ಮಾಡಿ, ಮಾತನ್ನೂ ಉತ್ಸಾಹ ರಗಳೆಯ ಹಾಗೆ ಮೂರು ಮಾತ್ರೆಯ ಗಣದಲ್ಲಿ ಬರೆಯುತ್ತೇನೆ. ತಮಟೆಯವರು ಬಂದ ದಿನದ ಕೂಲಿ ಕೊಟ್ಟು ಕಳಿಸುವುದಲ್ಲ, ಹಾಡಿನಲ್ಲಿ ಅವರ ಹೆಸರೂ ಇರಬೇಕು, ಬಂದದ್ದರಲ್ಲಿ ಪಾಲೂ ಇರಬೇಕು.

ಪಾಲಿನ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಮೊದಲು ಓಡಿದ ಹಾಡನ್ನು ಒಂದು ಸಂಗೀತ ಸಂಸ್ಥೆಗೆ ಒಂದೇ ಮೊತ್ತಕ್ಕೆ ಬರೆದುಕೊಟ್ಟೆ. ಕಾಗದ ಇಂಗ್ಲಿಷಿನಲ್ಲಿತ್ತು, ಓದದೆ ಸಹಿ ಹಾಕಿದೆ. ಸಾಹಿತ್ಯ, ರಾಗ, ದನಿ ಮೂರೂ ಒಟ್ಟಿಗೆ ಹೋದವು ಅಂದುಕೊಂಡು ವರ್ಷಗಟ್ಟಲೆ ಸಂಕಟಪಟ್ಟೆ. ಆಮೇಲೆ ಮೈಸೂರಿನ ವಕೀಲೆಯೊಬ್ಬರು ಕೂರಿಸಿಕೊಂಡು ವಿವರಿಸಿದರು. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆದ ಮೇಲೆ, ಹಾಡಿನ ಸಾಹಿತ್ಯ ಬರೆದವರು ಮತ್ತು ರಾಗ ಕಟ್ಟಿದವರು ಹಕ್ಕನ್ನು ವಹಿಸಿಕೊಟ್ಟರೂ ರಾಯಲ್ಟಿಯ ಸಮಪಾಲನ್ನು ಬಿಟ್ಟುಕೊಡಲು ಬರುವುದಿಲ್ಲ. ವಾರಸುದಾರರಿಗೋ, ಸದಸ್ಯರ ಪರವಾಗಿ ರಾಯಲ್ಟಿ ವಸೂಲಿ ಮಾಡಿ ಹಂಚುವ ಕಾಪಿರೈಟ್ ಸೊಸೈಟಿಗೋ ಮಾತ್ರ ಅದನ್ನು ಕೊಡಬಹುದು. ಬರೆಯುವವರಿಗೂ ರಾಗ ಹಾಕುವವರಿಗೂ ಇರುವ ಸೊಸೈಟಿ ಐಪಿಆರ್‌ಎಸ್, 1969ರಲ್ಲಿ ಹುಟ್ಟಿದ್ದು. ಅಲ್ಲಿ ಸದಸ್ಯೆಯಾದೆ. ಹಾಡಿದ ದನಿಗೆ ಇರುವ ಹಕ್ಕು ಬೇರೆ, ಅದನ್ನು ಇದರ ಜೊತೆ ಕಲಸಬಾರದು. ಈಗ ಹಾಡು ಮುಗಿದ ದಿನವೇ ಯಾರು ಏನು ಬರೆದರು, ಯಾರಿಗೆ ಎಷ್ಟು ಪಾಲು ಅಂತ ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಎಲ್ಲರೂ ಸಹಿ ಹಾಕುತ್ತೇವೆ. ಪ್ರತಿ ರೆಕಾರ್ಡಿಂಗಿಗೂ ಐಎಸ್‌ಆರ್‌ಸಿ ಎಂಬ ಹನ್ನೆರಡು ಅಕ್ಷರ-ಅಂಕಿಯ ಗುರುತು ಇರುತ್ತದೆ, ಅದನ್ನೂ ಅಲ್ಲೇ ಬರೆದಿಡುತ್ತೇನೆ. ಅಜ್ಜಿಯ ಸೋಬಾನೆಯ ಸೊಲ್ಲನ್ನು ಮಾತ್ರ ನನ್ನ ಹೆಸರಿನಲ್ಲಿ ಬರೆಸಿಲ್ಲ, ಬರೆಸುವುದೂ ಇಲ್ಲ. ಅದು ಹೇಳಿದವರೆಲ್ಲರದು.

ವೇದಿಕೆ ಈಗಲೂ ಬಿಟ್ಟಿಲ್ಲ. ಬಯಲಿನ ಕಾರ್ಯಕ್ರಮದಲ್ಲಿ ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸಬೇಕು, ಹಬ್ಬದ ಕೆಲವು ದಿನ ಸರ್ಕಾರ ವಿನಾಯಿತಿ ಕೊಟ್ಟರೆ ಮಾತ್ರ ಹನ್ನೆರಡರವರೆಗೆ. ಭಾಷಣಗಳು ಮುಗಿದು ನನ್ನ ಸರದಿ ಬರುವಾಗ ಸಾಮಾನ್ಯವಾಗಿ ನಲವತ್ತು ನಿಮಿಷ ಉಳಿದಿರುತ್ತದೆ. ಅದಕ್ಕೆ ಒಳ್ಳೆಯ ಹಾಡನ್ನು ಕೊನೆಗೆ ಕೂಡಿಡುವುದಿಲ್ಲ, ಎರಡನೆಯದಾಗಿ ಹಾಡಿಬಿಡುತ್ತೇನೆ.

ಹೊಸ ಹಾಡೊಂದನ್ನು ಹೋದ ವಾರ ಟ್ರ್ಯಾಕ್ಟರ್ ತಮ್ಮನಿಗೆ ಕೊಟ್ಟಿದ್ದೆ. ನಿನ್ನೆ ಫೋನ್ ಮಾಡಿ, "ಅಕ್ಕಾ, ಎರಡ್ನೇ ಚರಣಕ್ಕೆ ಹುಡುಗ್ರು ಸುಮ್ಕಾಗ್ಬುಟ್ರು" ಅಂದ. ಹಾಳೆ ತೆಗೆದು ಎಣಿಸಿದೆ. "ನೆನಪಿನಲಿ" ಅಂತ ಬರೆದಿದ್ದೇನೆ, ಐದು ಮಾತ್ರೆ. ಅಜ್ಜಿ ನೆನಪಿಗೆ ನೆಪ್ಪು ಅನ್ನುತ್ತಿದ್ದರು. "ನೆಪ್ಪಲಿ" ಅಂದರೆ ನಾಲ್ಕು. ಇವತ್ತು ರಾತ್ರಿ ಹನ್ನೊಂದಕ್ಕೆ ಕಂಬಳಿ ಕಟ್ಟಿ ಆ ಚರಣವನ್ನು ಎಡಕ್ಕೊಮ್ಮೆ, ಬಲಕ್ಕೊಮ್ಮೆ ಮತ್ತೆ ಹಾಡಬೇಕು.