ಎತ್ತರದಿಂದ ಇಳಿದ ಮೇಲೆ ಹೃದಯಕ್ಕೆ ಸಮಯ ಕೊಡಿ

ತಿಂಗಳುಗಟ್ಟಲೆ ಎತ್ತರದ ಪರ್ವತಗಳಲ್ಲಿದ್ದು ಕೆಳಗೆ ಬಂದವರಿಗೆ ಮೊದಲ ವಾರ ಮೈ ಹಗುರ ಅನ್ನಿಸುತ್ತದೆ. ಮೆಟ್ಟಿಲು ಹತ್ತಿದರೂ ಏದುಸಿರಿಲ್ಲ. ಗಾಳಿಯಲ್ಲಿ ಆಮ್ಲಜನಕ ಧಾರಾಳವಾಗಿ ಸಿಗುತ್ತಿದೆ, ಮೇಲೆ ಹೆಚ್ಚಿದ್ದ ಕೆಂಪು ರಕ್ತಕಣಗಳೂ ಇನ್ನೂ ಇವೆ, ಅಲ್ವಾ? ಆದರೆ ಇದನ್ನೇ ನಂಬಿ ಓಡಲು ಹೊರಡಬೇಡಿ. ಹೃದಯ ಇನ್ನೂ ಸುಧಾರಿಸಿಕೊಳ್ಳುತ್ತಿರುತ್ತದೆ.

5,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಅರ್ಧ. ಆಮ್ಲಜನಕ ಸಾಲದೆ ಶ್ವಾಸಕೋಶದ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಅವುಗಳೊಳಗೆ ರಕ್ತ ತಳ್ಳಬೇಕಾದದ್ದು ಹೃದಯದ ಬಲಭಾಗ. ತಳ್ಳಿ ತಳ್ಳಿ ಅದು ದಪ್ಪವಾಗುತ್ತದೆ, ನಾಳಗಳ ಗೋಡೆಯೂ ದಪ್ಪವಾಗುತ್ತದೆ. ಕೆಳಗಿಳಿದರೆ ಬಿಗಿತ ಬೇಗ ಸಡಿಲವಾಗುತ್ತದೆ. ದಪ್ಪವಾದ ಗೋಡೆ ತೆಳುವಾಗಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು.

ಮೊದಲ ಕೆಲವು ದಿನ ನಿದ್ದೆ, ನೀರು, ನಿಧಾನದ ನಡಿಗೆ ಇಷ್ಟೇ ಸಾಕು. ಮೇಲೆ ರಕ್ತದ ನೀರಿನಂಶ ಕಡಿಮೆಯಾಗಿ ರಕ್ತ ಮಂದವಾಗಿರುತ್ತದೆ. ಹಾಗಾಗಿ ದೂರದ ಪ್ರಯಾಣದಲ್ಲಿ ಸುಮ್ನೆ ಕೂತೇ ಇರಬೇಡಿ, ಆಗಾಗ ಎದ್ದು ಓಡಾಡಿ. ಹೆಚ್ಚಾದ ಕೆಂಪು ಕಣಗಳನ್ನು ದೇಹ ವಾರಗಳಲ್ಲಿ ತಾನೇ ಕಡಿಮೆ ಮಾಡಿಕೊಳ್ಳುತ್ತದೆ, ಅವುಗಳ ಕಬ್ಬಿಣಾಂಶವನ್ನೂ ಉಳಿಸಿಕೊಳ್ಳುತ್ತದೆ. ರಕ್ತ ಪರೀಕ್ಷೆ ಮಾಡಿಸದೆ ಕಬ್ಬಿಣದ ಮಾತ್ರೆ ನುಂಗಬೇಡಿ.

ದಿನಾ ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲು ಹೆಬ್ಬೆರಳ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ, ಬರೆದಿಡಿ. ಅದು ಇಳಿದು ಒಂದು ಮಟ್ಟಕ್ಕೆ ನಿಂತ ಮೇಲೆ ವ್ಯಾಯಾಮವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಮಾತಾಡುತ್ತಾ ಮಾಡಲು ಆಗುವಷ್ಟು ಮಾತ್ರ.

ಸಂಜೆ ಮೊಣಕಾಲಿನ ಕೆಳಗೆ, ಕಾಲಿನ ಮುಂಭಾಗದ ಮೂಳೆಯ ಮೇಲೆ ಹೆಬ್ಬೆರಳನ್ನು ಕೆಲವು ಸೆಕೆಂಡ್ ಒತ್ತಿ ನೋಡಿ. ಗುಳಿ ಬಿದ್ದು ಹಾಗೇ ಉಳಿದರೆ ಕಾಲಲ್ಲಿ ನೀರು ತುಂಬಿದೆ ಅಂತ ಅರ್ಥ. ತಡಮಾಡದೆ ವೈದ್ಯರ ಹತ್ತಿರ ಹೋಗಿ, ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ. ಒಂದೇ ಕಾಲು ಊದಿ ನೋಯುತ್ತಿದ್ದರೆ, ಮಲಗಿದರೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ತಲೆಸುತ್ತಿ ಬಿದ್ದರೆ ಕೂಡಲೇ ಆಸ್ಪತ್ರೆಗೆ.

ಭಯ ಬೇಡ. 6,000 ಮೀಟರ್ ಆಸುಪಾಸಿನಲ್ಲಿ ದೀರ್ಘ ಕಾಲ ಇದ್ದು ಹೃದಯ ಸೋತು ಮೈಯೆಲ್ಲ ಊದಿಕೊಂಡಿದ್ದ ಭಾರತೀಯ ಸೈನಿಕರ ಬಗ್ಗೆ 1990ರಲ್ಲಿ ವರದಿಯಾಗಿತ್ತು. ಕೆಳಗೆ ಕರೆತಂದ ಮೇಲೆ ಅವರ ಹೃದಯ ಮೂರ್ನಾಲ್ಕು ತಿಂಗಳಲ್ಲಿ ಸರಿಹೋಯಿತು. ಎವರೆಸ್ಟ್ ಬೇಸ್ ಕ್ಯಾಂಪಿಗೆ ಹೋಗಿಬಂದ ಆರೋಗ್ಯವಂತರಲ್ಲೂ ಹೃದಯ ಸ್ನಾಯುವಿನ ಶಕ್ತಿ ಕುಗ್ಗಿದ್ದು ಕಂಡಿತ್ತು. ಆರು ತಿಂಗಳ ನಂತರ ನೋಡಿದಾಗ ಅದು ಮೊದಲಿನಂತಾಗಿತ್ತು. ಎತ್ತರದಲ್ಲೇ ಹುಟ್ಟಿ ಬೆಳೆದವರಿಗೆ ಮಾತ್ರ ಇನ್ನೂ ಜಾಸ್ತಿ ಸಮಯ ಬೇಕಾಗಬಹುದು.

ಮತ್ತೆ ಮೇಲೆ ಹೋಗುವುದಿದ್ದರೆ ಹಿಂದಿನ ಸಲ ಒಗ್ಗಿಕೊಂಡದ್ದು ಈಗಲೂ ಕೈಹಿಡಿಯುತ್ತದೆ ಅಂದುಕೊಳ್ಳಬೇಡಿ. ಮರಳಿ ಹೋದವರ ಶ್ವಾಸಕೋಶದಲ್ಲೂ ನೀರು ತುಂಬಿಕೊಂಡದ್ದಿದೆ. 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸದೆ, ಹೊಸಬರ ಹಾಗೇ ಹತ್ತಿ.