ಹನ್ನೆರಡನೇ ವಚನಕ್ಕೆ ನಾಲ್ಕು ವರ್ಷ: ನನ್ನ ಅನುಭವ

"ಕ್ರೈಸ್ತ ಕಾದಂಬರಿಯಲ್ಲಿ ಸಸ್ಪೆನ್ಸ್ ಎಲ್ಲಿಂದ ಬರ್ತದೆ ಮಾರಾಯ? ಕೊನೆಗೆ ಎಲ್ಲರೂ ಮೊಣಕಾಲೂರ್ತಾರೆ ಅಂತ ಮೊದಲೇ ಗೊತ್ತಿರ್ತದಲ್ಲ!"

ಅಂದಿನ ಕಾಲ, ಇಂದಿನ ಕಾಲ ಎರಡರಲ್ಲೂ ನಡೆಯುವ ಒಂದು ಕ್ರೈಸ್ತ ಸಸ್ಪೆನ್ಸ್ ಕಾದಂಬರಿ ಬರೀತಿದ್ದೇನೆ ಅಂದಾಗ ಪತ್ತೇದಾರಿ ಬರೆಯುವ ಗೆಳೆಯ ಹೀಗಂದ. ಅದೇ ವಾರ ನಮ್ಮ ಸಭೆಯ, ಅಂದರೆ ಚರ್ಚಿನ, ಹಿರಿಯರೊಬ್ಬರು ಇನ್ನೊಂದು ಕಡೆಯಿಂದ ಹಿಡಿದರು. "ಮಿಷನರಿಯನ್ನೇ ಕಳ್ಳನ ಜಾಗದಲ್ಲಿ ನಿಲ್ಲಿಸ್ತೀಯಂತೆ, ಹೌದಾ?" ಹೌದು ಅಂದೆ. ಅವರು ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದರು.

ಈಗ ಪುಸ್ತಕದ ಎರಡನೇ ಮುದ್ರಣವೂ ಮುಗಿಯುತ್ತಾ ಬಂದಿದೆ. ಆ ಗೆಳೆಯ ಒಂದು ಪ್ರತಿ ಕೇಳಿ ತರಿಸಿಕೊಂಡ. ಹಿರಿಯರು ಐದು ಕೊಂಡರು. ಹಾಗಾಗಿ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ. ಎರಡು ಕಾಲದ ಕಥೆ ಹೆಣೆಯುವುದು ಹೇಗೆ ಅನ್ನುವುದರ ಪಾಠ ಇದಲ್ಲ. ಅದು ನಿಮಗೆ ಗೊತ್ತೇ ಇದೆ. ನಾನು ಎಲ್ಲೆಲ್ಲಿ ಬಿದ್ದೆ, ಎಷ್ಟು ಕಳೆದುಕೊಂಡೆ ಅನ್ನುವುದಷ್ಟೇ.

ಕಥೆಯ ಎಲುಬು ಇಷ್ಟು. ಮೊದಲ ಮಹಾಯುದ್ಧ ಶುರುವಾದ 1914. ಮಂಗಳೂರಿನ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯ ಜರ್ಮನ್ ಪಾದ್ರಿಗಳು ರಾತ್ರಿ ಬೆಳಗಾಗುವುದರೊಳಗೆ ಬ್ರಿಟಿಷರ ಲೆಕ್ಕದಲ್ಲಿ ಶತ್ರು ದೇಶದವರಾದರು. ಮುಂದೆ ಹಲವರನ್ನು ಅಹ್ಮದ್‌ನಗರದ ಬಂಧನ ಶಿಬಿರಕ್ಕೆ ಸಾಗಿಸಿದರು. ನನ್ನ ಕಾಲ್ಪನಿಕ ಪಾದ್ರಿಯನ್ನೂ ಹಿಡಿದುಕೊಂಡು ಹೋಗುತ್ತಾರೆ. ಅದೇ ವಾರ ಸಭೆಯ ಪೆಟ್ಟಿಗೆಯಿಂದ ಹಣ ಕಾಣೆಯಾಗುತ್ತದೆ. ಮುದ್ರಣಾಲಯದಲ್ಲಿ ಮೊಳೆ, ಅಂದರೆ ಅಚ್ಚಿನ ಸೀಸದ ಅಕ್ಷರ, ಜೋಡಿಸುತ್ತಿದ್ದ ಸ್ಥಳೀಯನೊಬ್ಬನ ಮೇಲೆ ಕಳವು ಹೊರಿಸುತ್ತಾರೆ. ಇಂದಿನ ಕಥೆಯಲ್ಲಿ ಅವನ ಮರಿಮಗಳು ಇದ್ದಾಳೆ. ಮಿಷನ್ ಕಾಲದ ಒಂದು ಹಳೆಯ ಬಂಗಲೆಗೆ ಯಾರೋ ರಾತ್ರಿ ನುಗ್ಗಿ ಏನನ್ನೋ ಹುಡುಕುತ್ತಿದ್ದಾರೆ. ಅವಳಿಗೆ ಒಂದು ಜರ್ಮನ್ ಕಾಗದ ಸಿಗುತ್ತದೆ.

ಮೊದಲ ಕರಡು ಹೀಗಿರಲಿಲ್ಲ. 1834ರಲ್ಲಿ ಮಿಷನ್ನಿನ ಮೊದಲ ಪಾದ್ರಿಗಳಾದ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದಲ್ಲಿಂದ ಶುರು ಮಾಡಿದ್ದೆ. 1841ರ ಕಲ್ಲಚ್ಚಿನ ಮುದ್ರಣಾಲಯ, 1843ರ ಮೋಗ್ಲಿಂಗ್‌ನ 'ಮಂಗಳೂರ ಸಮಾಚಾರ' ಪತ್ರಿಕೆ, 1865ರ ಹಂಚಿನ ಕಾರ್ಖಾನೆ, 1894ರ ಕಿಟೆಲ್‌ನ ಕನ್ನಡ-ಇಂಗ್ಲಿಷ್ ನಿಘಂಟು, ಎಲ್ಲವೂ ಒಂದರ ಹಿಂದೆ ಒಂದು ಮೆರವಣಿಗೆ ಹೊರಟಿದ್ದವು. ಕಳವು ನಡೆಯುವ ಹೊತ್ತಿಗೆ ಅರುವತ್ತು ಪುಟ ಮುಗಿದಿತ್ತು. ನನ್ನ ಹೆಂಡತಿ ಓದಿ, "ಇದರಲ್ಲಿ ಕಳೆದುಹೋಗಿರುವುದು ಕಥೆಯೇ" ಅಂದಳು. ಆ ಅರುವತ್ತು ಪುಟ ತೆಗೆದುಹಾಕಿದೆ. ಆರು ತಿಂಗಳ ಕೆಲಸ ಅದು, ಸುಮ್ನೆ ಅಲ್ಲ.

ಎರಡನೇ ಕರಡಿನಲ್ಲಿ ಒಂದು ಅಧ್ಯಾಯ ಅಂದು, ಒಂದು ಅಧ್ಯಾಯ ಇಂದು ಅಂತ ಅಚ್ಚುಕಟ್ಟಾಗಿ ಜೋಡಿಸಿದೆ. ಏಳು ಜನರಿಗೆ ಪ್ರಿಂಟ್ ತೆಗೆಸಿ, ಸ್ಪೈರಲ್ ಹಾಕಿಸಿ, ಜೊತೆಗೆ ಒಂದು ಪೆನ್ಸಿಲ್ ಕೊಟ್ಟೆ. ಅಭಿಪ್ರಾಯ ಬೇಡ, ಎಲ್ಲಿ ಓದುವುದು ನಿಲ್ಲಿಸಿದಿರೋ ಅಲ್ಲಿ ಒಂದು ಗೆರೆ ಎಳೆಯಿರಿ ಅಂದೆ. ಅಭಿಪ್ರಾಯ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ, ಗೊತ್ತಲ್ವಾ. ಏಳರಲ್ಲಿ ಐದು ಪ್ರತಿಗಳ ಗೆರೆ ಒಂದೇ ಕಡೆ ಇತ್ತು. ಆರನೇ ಅಧ್ಯಾಯದ ಮೊದಲ ಪುಟ, ಅಂದರೆ ಕಥೆ ಮತ್ತೆ 1914ಕ್ಕೆ ಹಿಂದಿರುಗುವ ಜಾಗ. ಇಬ್ಬರಂತೂ ಹಳೆಯ ಕಾಲದ ಅಧ್ಯಾಯಗಳನ್ನೆಲ್ಲ ಹಾರಿಸಿ ಇಂದಿನದ್ದನ್ನು ಮಾತ್ರ ಓದಿ ಮುಗಿಸಿದ್ದರು. ಅವರಿಗೆ ಕಥೆ ಪೂರ್ತಿ ಅರ್ಥವೂ ಆಗಿತ್ತು! ಅಂದರೆ ನನ್ನ 1914 ಕಥೆಗೆ ಬೇಕೇ ಇರಲಿಲ್ಲ.

ಇದನ್ನು ಸರಿ ಮಾಡಲು ಒಂದು ವರ್ಷ ಹಿಡಿಯಿತು. ಮೊದಲು ಹಳೆಯ ಕಾಲದ ಅಧ್ಯಾಯಗಳನ್ನೆಲ್ಲ ಪತ್ರಗಳಾಗಿ ಬರೆದು ನೋಡಿದೆ. ಓದಲು ಚೆಂದ ಇತ್ತು, ಆದರೆ ಪತ್ರ ಬರೆದವನು ಬದುಕಿದ್ದಾನೆ ಅಂತ ಓದುಗನಿಗೆ ಧೈರ್ಯ ಬಂದುಬಿಡುತ್ತದೆ. ಅಪಾಯ ಎಲ್ಲಿ ಉಳಿಯಿತು? ಆಮೇಲೆ ದಾರಿ ಸಿಕ್ಕಿತು. ಇಂದಿನ ಅಧ್ಯಾಯ ಒಂದು ಪ್ರಶ್ನೆ ಕೇಳಿ ನಿಲ್ಲಬೇಕು. ಅಂದಿನ ಅಧ್ಯಾಯ ಅದಕ್ಕೆ ಉತ್ತರ ಕೊಡಬೇಕು, ಆದರೆ ತಪ್ಪು ಉತ್ತರ. ಓದುಗ ಆ ತಪ್ಪನ್ನು ಕೈಯಲ್ಲಿ ಹಿಡಿದುಕೊಂಡು ಇಂದಿಗೆ ಬರುತ್ತಾನೆ, ನಾಯಕಿಯ ಜೊತೆ ಅವನೂ ದಾರಿ ತಪ್ಪುತ್ತಾನೆ. ಮೂರು ಸಾವಿರ ಪದಗಳಿದ್ದ ಹಳೆಯ ಅಧ್ಯಾಯಗಳನ್ನು ಒಂಬೈನೂರರಿಂದ ಸಾವಿರ ಪದಕ್ಕೆ ಇಳಿಸಿದೆ. ಮುಂದಿನ ಏಳು ಪ್ರತಿಗಳಲ್ಲಿ ಗೆರೆಗಳು ಚೆಲ್ಲಾಪಿಲ್ಲಿಯಾಗಿ ಬಿದ್ದವು. ಎರಡರಲ್ಲಿ ಗೆರೆಯೇ ಇರಲಿಲ್ಲ.

ಪ್ರಾರ್ಥನೆಯ ವಿಷಯ ಇದಕ್ಕಿಂತ ಕಷ್ಟದ್ದು. ನಾಯಕಿ ವಿಶ್ವಾಸಿ, ಪ್ರಾರ್ಥನೆ ಮಾಡದೆ ಇರುವವಳಲ್ಲ. ಮೊದಲ ಕರಡಿನಲ್ಲಿ ಅವಳು ರಾತ್ರಿಯಿಡೀ ಪ್ರಾರ್ಥಿಸಿ ಮಲಗುತ್ತಾಳೆ, ಕನಸಿನಲ್ಲಿ ಬಂಗಲೆಯ ಬಾವಿ ಕಾಣುತ್ತದೆ, ಬೆಳಿಗ್ಗೆ ಹೋಗಿ ನೋಡಿದರೆ ಸುಳಿವು ಅಲ್ಲೇ! ಸಭೆಯವರೇ ಆದ ಒಬ್ಬ ಓದುಗರು ಅಂಚಿನಲ್ಲಿ, "ಹೀಗಾದರೆ ಪೊಲೀಸರು ಯಾಕೆ?" ಅಂತ ಬರೆದಿದ್ದರು. ನಗು ಬಂತು, ಆಮೇಲೆ ನಾಚಿಕೆ ಆಯಿತು. ಅಂದಿನಿಂದ ಒಂದು ಕಟ್ಟುಪಾಡು ಹಾಕಿಕೊಂಡೆ. ಪ್ರಾರ್ಥನೆಯಿಂದ ಅವಳಿಗೆ ಸುಳಿವು ಸಿಗುವಂತಿಲ್ಲ. ಮಾಡಲು ಮನಸ್ಸಿಲ್ಲದ ಕೆಲಸವನ್ನು ಮಾಡುವ ಬಲ ಮಾತ್ರ ಸಿಗಬಹುದು. ಈಗಿನ ಪುಸ್ತಕದಲ್ಲಿ ಅವಳು ಪ್ರಾರ್ಥಿಸಿ ಎದ್ದವಳು ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದ ದೊಡ್ಡಮ್ಮನ ಮನೆಗೆ ಹೋಗುತ್ತಾಳೆ. ಅಲ್ಲಿ ಬಾಗಿಲು ತೆರೆಯುತ್ತದೋ ಇಲ್ಲವೋ ಅನ್ನುವುದೇ ಸಸ್ಪೆನ್ಸ್. ಆ ದೃಶ್ಯಕ್ಕೆ ಬಂದಷ್ಟು ಫೋನ್ ಬೇರೆ ಯಾವುದಕ್ಕೂ ಬಂದಿಲ್ಲ. ಬಂಗಲೆಯ ಛಾವಣಿ ಮೇಲಿನ ಓಡಾಟಕ್ಕೂ ಬಂದಿಲ್ಲ, ಅದನ್ನು ನಾನು ಎಂಟು ಸಲ ತಿದ್ದಿದ್ದೆ.

ಇನ್ನು ಜರ್ಮನ್ ಕಾಗದ. ಆ ಕಾಲದ ಪಾದ್ರಿಗಳ ಕೈಬರಹ ಕುರೆಂಟ್ ಅನ್ನುವ ಲಿಪಿಯಲ್ಲಿದೆ. ಜರ್ಮನ್ ಬಲ್ಲವರಿಗೂ ಅಭ್ಯಾಸವಿಲ್ಲದೆ ಓದಲಾಗದು. ಅದರ 'ಇ' (e) ನೋಡಲು ಥೇಟು 'ಎನ್' (n) ಥರ. 'ಯು' (u) ಮತ್ತು 'ಎನ್' ಬೇರೆ ಮಾಡಲು 'ಯು' ತಲೆಯ ಮೇಲೆ ಒಂದು ಸಣ್ಣ ಕೊಂಡಿ ಹಾಕುತ್ತಾರೆ, ಅವಸರದಲ್ಲಿ ಬರೆದವರು ಅದನ್ನೂ ಬಿಡುತ್ತಾರೆ. ಮಾದರಿಗೆ ಬೇಕೆಂದು ಹಳೆಯ ಪತ್ರಗಳ ಹನ್ನೊಂದು ಪುಟ ಓದಿಸಲು ಒಬ್ಬರಿಗೆ ಕೊಟ್ಟೆ. ಪುಟಕ್ಕೆ ಹತ್ತಿರ ಹತ್ತಿರ 1,200 ರೂಪಾಯಿ. ಹದಿಮೂರು ಸಾವಿರ ಹೋಯಿತು, ಬಂದದ್ದು ಹವಾಮಾನ, ಜ್ವರ, ಶಾಲೆಯ ಖರ್ಚು. ಒಂದು ಸಾಲೂ ಕಥೆಗೆ ಆಗಲಿಲ್ಲ. ಆ ಸಿಟ್ಟಿಗೆ ಅಕ್ಷರಮಾಲೆಯ ಹಾಳೆ ಗೋಡೆಗೆ ಅಂಟಿಸಿ ನಾನೇ ಕಲಿತೆ. ಮೂರು ತಿಂಗಳು, ದಿನಕ್ಕೆ ಅರ್ಧ ಗಂಟೆ. ಈಗಲೂ ತಡವರಿಸುತ್ತೇನೆ. ಆದರೆ ತಡವರಿಸಿದ್ದೇ ಲಾಭ. ಒಂದು ಹೆಸರನ್ನು ನಾನು ಎರಡು ವಾರ ತಪ್ಪಾಗಿ ಓದಿಕೊಂಡಿದ್ದೆ. ಅದೇ ತಪ್ಪನ್ನು ನಾಯಕಿಗೂ ಕೊಟ್ಟೆ.

ಪುಸ್ತಕದ ಗಟ್ಟಿ ಸುಳಿವು ಬಂದದ್ದೂ ಇಲ್ಲಿಂದಲೇ. ಪಾದ್ರಿಯ ಕಾಗದದಲ್ಲಿ ಹಣದ ಮೊತ್ತದ ಪಕ್ಕ 'ಕೀರ್ತನೆ 51, 12' ಅಂತ ಮಾತ್ರ ಇದೆ, ಅಂದರೆ ಬೈಬಲಿನ 51ನೇ ಕೀರ್ತನೆಯ ಹನ್ನೆರಡನೇ ವಚನ. ಮರಿಮಗಳು ಸತ್ಯವೇದ, ಅಂದರೆ ಕನ್ನಡ ಬೈಬಲ್, ತೆರೆದು ನೋಡುತ್ತಾಳೆ. ಹನ್ನೆರಡನೇ ವಚನ ರಕ್ಷಣೆಯ ಆನಂದದ ಮಾತು. ಓಹೋ, ದುಡ್ಡು ಹೊಡೆದು ಸಂಭ್ರಮ ಪಡುತ್ತಿದ್ದಾನೆ ಅಂದುಕೊಳ್ಳುತ್ತಾಳೆ. ಆದರೆ ಪಾದ್ರಿಯ ಕೈಯಲ್ಲಿದ್ದದ್ದು ಲೂಥರ್ ಬೈಬಲ್, ಮಾರ್ಟಿನ್ ಲೂಥರನ ಜರ್ಮನ್ ಅನುವಾದ. ಅದರಲ್ಲಿ ಕೀರ್ತನೆಯ ತಲೆಬರಹಕ್ಕೂ ವಚನದ ಸಂಖ್ಯೆ ಕೊಡುತ್ತಾರೆ. 51ನೇ ಕೀರ್ತನೆಯ ತಲೆಬರಹವೇ ಎರಡು ವಚನ. ಅಲ್ಲಿಯ ಹನ್ನೆರಡು ಅಂದರೆ ನಮ್ಮ ಹತ್ತು: ಶುದ್ಧ ಹೃದಯವನ್ನು ಕೊಡು ಅನ್ನುವ ಬೇಡಿಕೆ. ಅದು ಸಂಭ್ರಮ ಅಲ್ಲ, ತಪ್ಪೊಪ್ಪಿಗೆ. ಇದು ಹೊಳೆದ ದಿನ ನಾನು ಎದ್ದು ಮನೆಯ ಸುತ್ತ ಎರಡು ಸುತ್ತು ಹಾಕಿ ಬಂದೆ. ಗೆಳೆಯನ ಪ್ರಶ್ನೆಗೂ ಇದೇ ಉತ್ತರ. ಮೊಣಕಾಲೂರುತ್ತಾರೆ, ಸರಿ. ಯಾರು, ಯಾವುದಕ್ಕಾಗಿ ಅನ್ನುವುದು ಗೊತ್ತಿರಬಾರದು, ಅಷ್ಟೇ.

ಪಾದ್ರಿ ಆ ಹಣವನ್ನು ಏನು ಮಾಡಿದ ಅಂತ ಇಲ್ಲಿ ಹೇಳುವುದಿಲ್ಲ. ಕಾಗದ ಎಲ್ಲಿ ಸಿಕ್ಕಿತು ಅಂತಲೂ ಹೇಳುವುದಿಲ್ಲ. ಎಲ್ಲಿ ಸಿಗಲಿಲ್ಲ ಅಂತ ಹೇಳಬಲ್ಲೆ: ಹಂಚಿನ ಮಾಡಿನ ಕೆಳಗಲ್ಲ. ಮೊದಲು ಅಲ್ಲೇ ಇಟ್ಟಿದ್ದೆ. ನಿಜಕ್ಕೂ ಉಳಿಯುತ್ತದಾ ಅಂತ ಅನುಮಾನ ಬಂತು. ನಮ್ಮ ಹಳೆಯ ಮನೆಯ ಅಟ್ಟದಲ್ಲಿ ಒಂದು ಮಳೆಗಾಲ ಪೂರ್ತಿ ಮೂರು ಕಾಗದ ಇಟ್ಟು ನೋಡಿದೆ. ತಗಡಿನ ಡಬ್ಬಿಯಲ್ಲಿದ್ದದ್ದು ತುಕ್ಕಿಗೆ ಅಂಟಿಕೊಂಡು ಹರಿಯಿತು. ಮೇಣದ ಬಟ್ಟೆಯಲ್ಲಿ ಸುತ್ತಿದ್ದನ್ನು ಗೆದ್ದಲು ಮುಗಿಸಿತು. ಮುಚ್ಚಳಕ್ಕೆ ಮೇಣ ಹಾಕಿದ ಗಾಜಿನ ಭರಣಿಯದ್ದು ಮಾತ್ರ ಚೆನ್ನಾಗಿತ್ತು. ಆದರೆ ಪೊಲೀಸರು ಬಾಗಿಲು ಬಡಿಯುತ್ತಿರುವಾಗ ಯಾರು ಕೂತು ಭರಣಿಗೆ ಮೇಣ ಹಾಕುತ್ತಾರೆ? ಜಾಗ ಬದಲಾಯಿಸಿದೆ.

ಹಂಚಿನಿಂದಲೇ ಇನ್ನೊಂದು ಪೆಟ್ಟು ಬಿತ್ತು. ಬಂಗಲೆಯ ಹಂಚಿನ ಮೇಲೆ 1865 ಅಂತ ಅಚ್ಚಿದೆ, ಹಾಗಾಗಿ ಮಾಡಿಗೆ ಅಂದಿನಿಂದ ಯಾರೂ ಕೈ ಹಚ್ಚಿಲ್ಲ ಅಂತ ನಾಯಕಿಯ ಬಾಯಲ್ಲಿ ಹೇಳಿಸಿದ್ದೆ. ನಿವೃತ್ತ ಎಂಜಿನಿಯರೊಬ್ಬರು ಕರಡು ಓದಿ ನಕ್ಕರು. ಅದು ಕಾರ್ಖಾನೆ ಶುರುವಾದ ವರ್ಷ, ಹಂಚು ಸುಟ್ಟ ವರ್ಷ ಅಲ್ಲ. ಆ ಸುಳಿವಿನ ಮೇಲೆ ನಿಂತಿದ್ದ ಮೂರು ಅಧ್ಯಾಯ ಕುಸಿದವು. ಆಮೇಲೆ ಈ ತಪ್ಪನ್ನು ಬಂಗಲೆಗೆ ನುಗ್ಗುವವನ ತಲೆಗೆ ಕಟ್ಟಿದೆ. ಅವನು ಹುಡುಕಬಾರದ ಕಡೆ ಹುಡುಕುವುದು ಇದೇ ಕಾರಣಕ್ಕೆ.

ಮೊಳೆ ಜೋಡಿಸುವ ಕೆಲಸ ತಿಳಿಯಲು ಕಾಲಲ್ಲಿ ತುಳಿದು ನಡೆಸುವ ಯಂತ್ರದ ಒಂದು ಹಳೆಯ ಟ್ರೆಡಲ್ ಪ್ರೆಸ್ಸಿನಲ್ಲಿ ಎರಡು ಮಧ್ಯಾಹ್ನ ಕೂತಿದ್ದೆ. ಎರಡು ಗಂಟೆಯಲ್ಲಿ ನಾಲ್ಕು ಸಾಲು ಜೋಡಿಸಿ, ಎತ್ತುವಾಗ ಎಲ್ಲ ಕೆಳಗೆ ಚೆಲ್ಲಿದೆ. ಅಲ್ಲಿನ ಹಿರಿಯರು ಬಯ್ಯಲಿಲ್ಲ, ಒತ್ತಕ್ಷರಗಳನ್ನು ಅವುಗಳ ಖಾನೆಗೆ ಹಾಕಿಸಿದರು, ಅಷ್ಟೇ. ಅದಕ್ಕೆ ಸಂಜೆಯಾಯಿತು. ಅವರು ಜೋಡಿಸಿದ ಮೊಳೆಯನ್ನು ತಲೆಕೆಳಗಾಗಿಯೇ, ಎಡದಿಂದ ಬಲಕ್ಕೆ, ನಾವು ಪತ್ರಿಕೆ ಓದುವಷ್ಟು ಸಲೀಸಾಗಿ ಓದುತ್ತಿದ್ದರು. ಮೇಜಿನ ಆಚೆ ಬದಿಯಲ್ಲಿ ನಿಂತವನು ಈಚೆ ಕೂತವನ ಕಾಗದ ಓದಿಬಿಡುವ ದೃಶ್ಯ ಅಲ್ಲಿಂದಲೇ ಹುಟ್ಟಿತು. ಇದನ್ನು ಯಾರೂ ಮೊದಲೇ ಊಹಿಸಲಿಲ್ಲ ಅಂತ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಭಾಷೆಗೆ ಕಿಟೆಲ್ ನಿಘಂಟು ಪಕ್ಕದಲ್ಲೇ ಇರುತ್ತಿತ್ತು. ಅಂದಿನ ಅಧ್ಯಾಯಗಳಲ್ಲಿ ಅನುಮಾನ ಬಂದ ಪದ ಅದರಲ್ಲಿ ಇಲ್ಲದಿದ್ದರೆ ಎರಡು ಸಲ ಯೋಚಿಸುತ್ತಿದ್ದೆ. ಇಷ್ಟೆಲ್ಲ ಮಾಡಿದರೂ 1914ರ ಒಬ್ಬ ಸಭಾಹಿರಿಯ "ಟೆನ್ಶನ್ ಮಾಡ್ಕೋಬೇಡಿ" ಅಂದದ್ದು ಮೂರನೇ ಕರಡಿನವರೆಗೂ ಉಳಿದುಕೊಂಡಿತ್ತು.

ಈಗ ದುಡ್ಡು. ಪ್ರಕಾಶಕರು ಇಬ್ಬರು ಬೇಡ ಅಂದರು. ಒಬ್ಬರಿಗೆ ಇದು ತೀರಾ ಧಾರ್ಮಿಕ, ಇನ್ನೊಬ್ಬರಿಗೆ ಸಾಲದಷ್ಟು ಧಾರ್ಮಿಕ. ನಾನೇ ಹಾಕಿದೆ. ಡೆಮಿ 1/8 ಅಳತೆ, ಹದಿನಾರು ಪುಟಕ್ಕೊಂದರಂತೆ ಹದಿನೆಂಟು ಫಾರಂ, 288 ಪುಟ, 500 ಪ್ರತಿ. ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಣೆ), ಮುಖಪುಟ ಎಲ್ಲ ಸೇರಿ 72 ಸಾವಿರದ ಹತ್ತಿರ. ಬೆಲೆ 290. ಅಂಗಡಿಗಳು ನಲವತ್ತು ಪರ್ಸೆಂಟ್ ಇಟ್ಟುಕೊಂಡವು. ಆರಾಧನೆ ಮುಗಿದ ಮೇಲೆ ಮೇಜು ಹಾಕಿ ನಾನೇ ಮಾರಿದ್ದು ಮುನ್ನೂರಿಪ್ಪತ್ತು ಇರಬಹುದು, 250ಕ್ಕೆ ಕೊಟ್ಟೆ. ಓಡಾಟಕ್ಕೆ ಒಂಬತ್ತು ಸಾವಿರ, ಲಿಪಿ ಓದಿಸಿದ ಹದಿಮೂರು ಸಾವಿರ ಎಲ್ಲ ಕಳೆದು ಮೊದಲ ಮುದ್ರಣದಲ್ಲಿ ಉಳಿದದ್ದು ಒಂಬತ್ತು ಸಾವಿರದ ಆಸುಪಾಸು. ನಾಲ್ಕು ವರ್ಷಕ್ಕೆ.

ಆ ಲೆಕ್ಕದಲ್ಲಿ ಒಂದು ಚೀಟಿಯ ಖರ್ಚೂ ಸೇರಿದೆ. ಕರಡು ತಿದ್ದಲು ಒಬ್ಬ ನಿವೃತ್ತ ಮೇಷ್ಟರಿಗೆ ಕೊಟ್ಟಿದ್ದೆ. ಭಕ್ತಿವಂತರು, ಕಣ್ಣು ಚುರುಕು. ಪುಸ್ತಕದಲ್ಲಿ ಬರುವ ಪ್ರತಿ ವಚನವನ್ನೂ ಸತ್ಯವೇದ ತೆರೆದು ತಾಳೆ ನೋಡಿದ್ದಾರೆ. ಕೊನೆಯ ಅಧ್ಯಾಯದಲ್ಲಿ ಶುದ್ಧ ಹೃದಯದ ವಚನಕ್ಕೆ ಲೂಥರ್ ಬೈಬಲಿನ ಹನ್ನೆರಡು ಅಂತ ನಾನು ಬರೆದದ್ದನ್ನು, ಪಾಪ, ಹತ್ತು ಅಂತ ತಿದ್ದಿಬಿಟ್ಟರು. ನಾನು ಕೊನೆಯ ಪ್ರೂಫ್ ನೋಡಲಿಲ್ಲ. ಐನೂರು ಪ್ರತಿಯೂ ಹಾಗೆಯೇ ಅಚ್ಚಾಗಿ ಬಂತು. ರಹಸ್ಯ ಬಿಚ್ಚುವ ಪುಟದಲ್ಲೇ ಹತ್ತು ಅಂದರೆ ಹತ್ತು! ನಾಯಕಿ ಯಾಕೆ ಬೆಚ್ಚಿಬಿದ್ದಳು ಅಂತ ಯಾರಿಗೂ ತಿಳಿಯುವಂತಿರಲಿಲ್ಲ.

ಬಿಡುಗಡೆಗೆ ಐದು ದಿನ ಇತ್ತು. 2,600 ರೂಪಾಯಿ ಕೊಟ್ಟು ಸಣ್ಣ ಚೀಟಿ ಅಚ್ಚು ಹಾಕಿಸಿದೆ. ನಾನು, ಹೆಂಡತಿ, ಮಗ, ಮೇಷ್ಟರು, ನಾಲ್ವರೂ ಮೂರು ರಾತ್ರಿ ಕೂತು 271ನೇ ಪುಟಕ್ಕೆ ಅಂಟಿಸಿದೆವು. ಮೇಷ್ಟರು ಒಂದೇ ಸಮನೆ "ಕ್ಷಮಿಸಿ" ಅನ್ನುತ್ತಿದ್ದರು, ಅಂಟಿಸುವುದೂ ಅವರೇ ಎಲ್ಲರಿಗಿಂತ ಚೊಕ್ಕ.

ಪುಸ್ತಕ ಹೊರಬಂದ ಎರಡನೇ ವಾರ ಒಬ್ಬರು ಅಯ್ಯನವರು, ಅಂದರೆ ಪಾದ್ರಿ, ಫೋನ್ ಮಾಡಿದರು. ಇಡೀ ಪುಸ್ತಕ ಹಿಡಿಸಿತಂತೆ. ಒಂದೇ ಒಂದು ಸಣ್ಣ ದೋಷ ಅಂದರು. 271ನೇ ಪುಟದಲ್ಲಿ ಯಾರೋ ತಪ್ಪು ಚೀಟಿ ಅಂಟಿಸಿದ್ದಾರೆ, ಅದನ್ನು ಕಿತ್ತು ನೋಡಿದರೆ ಕೆಳಗೆ ಸರಿಯಾಗಿಯೇ ಇದೆಯಂತೆ.